ಕಟ್ಟಡದ ದನಿ ಕಟ್ಟಿಟ್ಟವರು

1996ರ ಜನವರಿ 29ರ ರಾತ್ರಿ ವೆನಿಸ್ಸಿನ ಲಾ ಫೆನಿಚೆ ಒಪೆರಾ ಮಂದಿರ ಹೊತ್ತಿ ಉರಿಯಿತು. ಒಳಗಿನ ಮರ, ಚಿತ್ತಾರ, ಚಿನ್ನದ ಬಣ್ಣ ಎಲ್ಲ ಬೂದಿಯಾಯಿತು, ನಿಂತದ್ದು ಹೊರಗೋಡೆಗಳಷ್ಟೆ. ಆದರೂ ಅದರ ದನಿ ಉಳಿದುಕೊಂಡಿತ್ತು. ಕೆಲವೇ ತಿಂಗಳ ಹಿಂದೆ ಲಾಂಬೆರ್ಟೊ ಟ್ರೊಂಕಿನ್ ಮತ್ತು ಆಂಜೆಲೊ ಫರೀನಾ ಎಂಬ ಧ್ವನಿತಜ್ಞರು ಆ ಸಭಾಂಗಣದ ಇಂಪಲ್ಸ್ ರೆಸ್ಪಾನ್ಸ್ ಅಳೆದಿಟ್ಟುಕೊಂಡಿದ್ದರು.

ವಿಜಯಪುರದ ಗೋಲಗುಮ್ಮಟದಲ್ಲಿ ಚಪ್ಪಾಳೆ ತಟ್ಟಿ ಕಿವಿಗೊಟ್ಟವರಿಗೆ ಇದೇನೆಂದು ಬಿಡಿಸಿ ಹೇಳಬೇಕಿಲ್ಲ. ಚಪ್ಪಾಳೆ ಕ್ಷಣದಲ್ಲಿ ಮುಗಿಯುತ್ತದೆ, ಆಮೇಲಿನದೆಲ್ಲ ಗುಮ್ಮಟದ ಮಾತು. ಆ ಮಾತಿನ ರೆಕಾರ್ಡಿಂಗೇ ಇಂಪಲ್ಸ್ ರೆಸ್ಪಾನ್ಸ್. ಮಾರ್ದನಿಯಿಲ್ಲದ ಕೋಣೆಯಲ್ಲಿ ಹಾಡಿದ ಹಾಡಿಗೆ ಅದನ್ನು ಹಚ್ಚುವ ಲೆಕ್ಕ ಕನ್ವಲ್ಯೂಷನ್: ಹಾಡಿನ ಒಂದೊಂದು ಸ್ಯಾಂಪಲ್ಲನ್ನೂ, ಅಂದರೆ ಕ್ಷಣಕ್ಷಣದ ಅಳತೆಯನ್ನೂ, ಪುಟ್ಟ ಚಪ್ಪಾಳೆಯೆಂದು ಭಾವಿಸಿ, ಅದರ ಗಾತ್ರಕ್ಕೆ ತಕ್ಕಷ್ಟು ಮಾರ್ದನಿ ಹಿಂದೆ ಕಟ್ಟಿ, ಎಲ್ಲವನ್ನೂ ಕೂಡಿಸುವುದು.

ಇದು ಕೈಗೆ ಸಿಗುವ ಮೊದಲು ಸ್ಟುಡಿಯೋದವರು ಮಾರ್ದನಿಗಾಗಿ ಪಟ್ಟ ಪಾಡು ಸಣ್ಣದಲ್ಲ. 1947ರಲ್ಲಿ ಷಿಕಾಗೋದ ಬಿಲ್ ಪುಟ್ನಮ್ ಹಾರ್ಮೋನಿಕ್ಯಾಟ್ಸ್ ತಂಡದ ಮೌತ್ ಆರ್ಗನ್ ವಾದನಕ್ಕೆ ಗುಂಗು ತರಲು ಬಾತ್‌ರೂಮನ್ನೇ ಬಳಸಿಕೊಂಡರು. 1957ರಲ್ಲಿ ಜರ್ಮನಿಯ ಇಎಂಟಿ ಕಂಪನಿ ದೊಡ್ಡ ಉಕ್ಕಿನ ತಗಡನ್ನು ಚೌಕಟ್ಟಿಗೆ ಬಿಗಿದು ನಡುಗಿಸಿತು. ಕೇಳಲು ಬಲು ಇಂಪು. ಆದರೆ ಆ ದನಿ ತಗಡಿನದು, ಯಾವ ಊರಿನ ಯಾವ ಮಂದಿರದ್ದೂ ಅಲ್ಲ.

ನಿಜವಾದ ಜಾಗದ ದನಿಗೆ ಅಡ್ಡ ನಿಂತದ್ದು ಲೆಕ್ಕದ ಭಾರ. ಸೆಕೆಂಡಿಗೆ 44,100 ಸ್ಯಾಂಪಲ್, 10 ಸೆಕೆಂಡಿನ ಮಾರ್ದನಿ ಎಂದಿಟ್ಟುಕೊಂಡರೆ, ಒಂದೇ ಸೆಕೆಂಡಿನ ಹಾಡಿಗೆ 1,900 ಕೋಟಿಗೂ ಹೆಚ್ಚು ಗುಣಾಕಾರ! ಫೋರಿಯರ್ ಗಣಿತ ಒಳದಾರಿ ತೋರಿಸಿತು, ಚಿಪ್ಪುಗಳು ಚುರುಕಾದವು. 1999ರಲ್ಲಿ ಸೋನಿಯ ಡಿಆರ್‌ಇ-ಎಸ್777 ಯಂತ್ರ ಈ ಲೆಕ್ಕವನ್ನು ಹಾಡಿನ ಜೊತೆಜೊತೆಗೇ ಮಾಡಿ ತೋರಿಸಿತು. 2001ರಲ್ಲಿ ಬಂದ ಆಲ್ಟಿವರ್ಬ್ ಎಂಬ ತಂತ್ರಾಂಶ ಅದನ್ನು ಮೇಜಿನ ಮೇಲಿನ ಕಂಪ್ಯೂಟರಿಗೇ ತಂದಿತು. ಅಳತೆಯೂ ಸುಧಾರಿಸಿತು. ಚಪ್ಪಾಳೆಯ ಬದಲು ಅಳತೆಗೆ ಹಾರಿಸುತ್ತಿದ್ದ ಪಿಸ್ತೂಲಿನ ಸದ್ದಿನಲ್ಲಿ ಮಂದ್ರದ ಬಲ ಕಡಿಮೆ. 2000ದಲ್ಲಿ ಅದೇ ಫರೀನಾ, ಮಂದ್ರದಿಂದ ತಾರಕ್ಕೆ ಏರುತ್ತ ಹೋಗುವ ಒಂದು ಸ್ವರವನ್ನು ಸ್ಪೀಕರಿನಲ್ಲಿ ಬಿಟ್ಟು, ಮರಳಿ ಬಂದದ್ದನ್ನು ಗಣಿತದಿಂದ ಇಂಪಲ್ಸ್ ಆಗಿ ಕುಗ್ಗಿಸುವ ವಿಧಾನ ಮಂಡಿಸಿದರು.

ಆದರೆ ಎಲ್ಲೆಡೆಗೂ ಸ್ಪೀಕರು ಹೊತ್ತೊಯ್ಯಲಾಗದು. ಹಿಂದೆ ಬೈಜಾಂಟೈನ್ ಚರ್ಚಾಗಿದ್ದ ಇಸ್ತಾಂಬುಲ್ಲಿನ ಹಗಿಯಾ ಸೋಫಿಯಾ ಆಗ ವಸ್ತುಸಂಗ್ರಹಾಲಯ, ಒಳಗೆ ಹಾಡುವಂತಿರಲಿಲ್ಲ. 2010ರಲ್ಲಿ ಸ್ಟ್ಯಾನ್‌ಫರ್ಡಿನ ಕಲಾ ಇತಿಹಾಸಕಾರ್ತಿ ಬಿಸ್ಸೆರಾ ಪೆಂಚೆವಾ ಅಲ್ಲಿ ಬಲೂನು ಒಡೆಸಿ ರೆಕಾರ್ಡ್ ಮಾಡಿಕೊಂಡರು. 'ಟಪ್' ಎಂದ ಸದ್ದು ಗುಮ್ಮಟವನ್ನೂ ಅಮೃತಶಿಲೆಯ ಗೋಡೆಗಳನ್ನೂ ಸುತ್ತಿ ಅಡಗಲು 10 ಸೆಕೆಂಡಿಗೂ ಹೆಚ್ಚು ಹಿಡಿಯಿತು. ಸಹೋದ್ಯೋಗಿ ಜೊನಾಥನ್ ಏಬಲ್ ಆ ಬಲೂನುಗಳಿಂದ ಇಂಪಲ್ಸ್ ರೆಸ್ಪಾನ್ಸ್ ತೆಗೆದರು.

ಆ ಮಾರ್ದನಿಯೊಳಗೆ ಹಾಡಿದ್ದು ಕಪೆಲ್ಲಾ ರೊಮಾನಾ ಗಾಯನ ತಂಡ. ಆಲ್ಬಂ 2019ರಲ್ಲಿ ಹೊರಬಂತು. ಬೈಜಾಂಟೈನ್ ಸ್ತೋತ್ರಗಳನ್ನು ಅವರು ಹೇಳುತ್ತಿರುವಾಗಲೇ ಆ ಮಾರ್ದನಿ ಕಿವಿಗೆ ಬೀಳುತ್ತಿತ್ತು. ಹಿಂದಿನ ಸ್ವರ ಕರಗುವ ಮುನ್ನ ಮುಂದಿನದನ್ನು ಎತ್ತಿದರೆ ಎರಡೂ ಕಲಸಿಹೋಗುತ್ತಿದ್ದವು. ಗಾಯಕರು ಲಯವನ್ನು ತಗ್ಗಿಸಿದರು, ತಾವು ನಿಂತಿರದ ಗುಮ್ಮಟಕ್ಕಾಗಿ ಕಾದು ಹಾಡಿದರು.