ರೈಲುದಾರಿಯ ಸಣ್ಣ ಕಟ್ಟಳೆಗಳೂ ಪೋಲೀಸಿನ ಅಧಿಕಾರವೂ

೧

ಜನರು ಒಟ್ಟಾಗಿ ಪ್ರಯಾಣಮಾಡುವ ವಾಹನಗಳಿಗೆ ಕಟ್ಟಳೆಗಳನ್ನು ವಿಧಿಸಿ, ಅವನ್ನು ಮೀರಿದವರನ್ನು ರಾಜಪುರುಷರ ಮೂಲಕ ಹಿಡಿಸಿ ದಂಡಿಸುವ ಪದ್ಧತಿಯು ಭರತಖಂಡಕ್ಕೆ ಉಗಿಬಂಡಿಯೊಡನೆಯೇ ಬಂದಿತೆಂದು ತೋರುವುದು ಸಹಜ. ಆದರೆ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ೧೯೦೫ರಲ್ಲಿ ದೊರೆತು ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿದರೆ, ಈ ವ್ಯವಸ್ಥೆಯ ಬೇರು ಬಹಳ ಹಳೆಯದೆಂಬುದು ವಿದಿತವಾಗುತ್ತದೆ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಹೊತ್ತಲ್ಲದ ಹೊತ್ತಿನಲ್ಲಿ, ಕಡವಲ್ಲದ ಕಡೆಯಲ್ಲಿ ಹೊಳೆಯನ್ನು ದಾಟಿದವನಿಗೆ ದಂಡವುಂಟು. ಬಾಲರು, ವೃದ್ಧರು, ರೋಗಿಗಳು, ಗರ್ಭಿಣಿಯರು, ಬ್ರಾಹ್ಮಣರು, ಸಂನ್ಯಾಸಿಗಳು, ರಾಜಶಾಸನವನ್ನು ಒಯ್ಯುವವರು, ಇವರಿಗೆ ದೋಣಿಯ ಕೂಲಿಯಿಲ್ಲ. ಗಾಬರಿಗೊಂಡಂತೆ ಕಾಣುವವನನ್ನೂ, ತಲೆಯ ಮೇಲಣ ಹೊರೆಯಿಂದ ಮುಖವನ್ನು ಮರೆಸಿಕೊಂಡವನನ್ನೂ, ಆಗತಾನೆ ಸಂನ್ಯಾಸಿಯ ವೇಷವನ್ನು ತಾಳಿದವನನ್ನೂ ಕಡವಿನಲ್ಲಿಯೇ ಹಿಡಿಯತಕ್ಕದ್ದು.

ಇಷ್ಟಕ್ಕೇ ಆ ಅಧ್ಯಾಯವು ಮುಗಿಯುವುದಿಲ್ಲ. ದೋಣಿಯಲ್ಲಿ ಆಳುಗಳಾಗಲಿ ಉಪಕರಣಗಳಾಗಲಿ ಸಾಲದೆ, ಅಥವಾ ದೋಣಿಯು ದುರಸ್ತಿಯಿಲ್ಲದೆ ಕೆಟ್ಟುಹೋದರೆ, ಅದರಿಂದಾದ ನಷ್ಟವನ್ನು ನಾವಧ್ಯಕ್ಷನೇ ತುಂಬಿಕೊಡಬೇಕೆಂದು ಅದು ವಿಧಿಸುತ್ತದೆ. ಕಟ್ಟಳೆಯು ಸಾಗುವವನನ್ನು ಕಟ್ಟುವಂತೆಯೇ ಸಾಗಿಸುವವನನ್ನೂ ಕಟ್ಟಬೇಕೆಂಬ ತತ್ತ್ವವು ಇಲ್ಲಿ ಸ್ಪಷ್ಟವಾಗಿದೆ. ಇದೇ ತತ್ತ್ವವು ರೈಲುದಾರಿಯ ಶಾಸನಗಳಲ್ಲಿಯೂ ಅಕ್ಷರರೂಪವಾಗಿ ಉಳಿಯಿತು. ಆಚರಣೆಯಲ್ಲಿ ಅದು ಎಷ್ಟುಮಟ್ಟಿಗೆ ಉಳಿಯಿತೆಂಬುದೇ ವಿಚಾರಣೀಯವಾದ ಅಂಶ.

೨

ಬೊಂಬಾಯಿಯ ಬೋರಿಬಂದರಿನಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿಯು ೧೮೫೩ನೆಯ ಇಸವಿ ಏಪ್ರಿಲ್ ೧೬ರಂದು ಹೊರಟಿತು. ಮರುವರ್ಷವೇ, ಎಂದರೆ ೧೮೫೪ರಲ್ಲಿ, ರೈಲುದಾರಿಗಳಿಗೆ ಸಂಬಂಧಿಸಿದ ಮೊದಲನೆಯ ಆಕ್ಟು ಹುಟ್ಟಿತು. ೧೮೬೪ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಹಳಿ ಬಂದಿತು. ೧೮೭೧ರಲ್ಲಿ ಬೊಂಬಾಯಿ ಕಡೆಯ ದಾರಿಯೂ ಮದರಾಸು ಕಡೆಯ ದಾರಿಯೂ ರಾಯಚೂರಿನಲ್ಲಿ ಕೂಡಿದುವು. ದಾರಿ ಬೆಳೆದಂತೆ ಶಾಸನವೂ ಬೆಳೆಯಿತು. ೧೮೭೯ರ ಆಕ್ಟಿನ ತರುವಾಯ ಬಂದ ೧೮೯೦ರ ಒಂಬತ್ತನೆಯ ಆಕ್ಟು ಪೂರ್ತಿ ನೂರು ವರ್ಷ ಜಾರಿಯಲ್ಲಿದ್ದು, ಈ ದೇಶದ ಪ್ರಯಾಣಿಕರ ನಡೆನುಡಿಗಳನ್ನು ರೂಪಿಸಿತು.

ಆ ಆಕ್ಟಿನಲ್ಲಿ ಹೇಳಿರುವ ಅಪರಾಧಗಳಲ್ಲಿ ಪ್ರಾಣಾಪಾಯಕ್ಕೆ ಸಂಬಂಧಿಸಿದ ಘೋರವಾದವು ಕೆಲವು. ಉಳಿದವು ದಿನದಿನದ ಸಣ್ಣ ತಪ್ಪುಗಳು. ಜೊತೆಯ ಪ್ರಯಾಣಿಕರ ಒಪ್ಪಿಗೆಯಿಲ್ಲದೆ ಹೊಗೆ ಸೇದಿದವನಿಗೆ ೨೦ ರೂಪಾಯಿಯವರೆಗೆ ಜುಲ್ಮಾನೆ. ಓಡುವ ಗಾಡಿಯನ್ನು ಹತ್ತಿದವನಿಗೂ ಇಳಿದವನಿಗೂ ಅಷ್ಟೇ. ಕಾರಣವಿಲ್ಲದೆ ಅಪಾಯದ ಸರಪಣಿಯನ್ನು ಎಳೆದರೆ ೫೦ ರೂಪಾಯಿಯವರೆಗೆ. ಹೆಂಗಸರಿಗೆಂದು ಕಾದಿರಿಸಿದ ಕೋಣೆಯನ್ನು ಗಂಡಸು ಹೊಕ್ಕರೆ ೧೦೦ ರೂಪಾಯಿಯವರೆಗೆ. ಕುಡಿದು ಬಂದವನಿಗೂ, ಗಲೀಜು ಮಾಡಿದವನಿಗೂ, ಅಶ್ಲೀಲವಾದ ಮಾತನ್ನಾಡಿದವನಿಗೂ ೫೦ ರೂಪಾಯಿಯವರೆಗೆ ದಂಡವಲ್ಲದೆ, ಕೊಟ್ಟ ಬಾಡಿಗೆಯ ನಷ್ಟವೂ ಉಂಟು. ಹಲವು ದಾರಿಗಳ ಮೂರನೆಯ ದರ್ಜೆಯ ಗಾಡಿಗಳಲ್ಲಿ ಶೌಚಗೃಹವೇ ಇಲ್ಲದಿದ್ದ ಕಾಲದಲ್ಲಿ ಗಲೀಜಿನ ಈ ಕಟ್ಟಳೆಯು ಯಾರ ಮೇಲೆ ಹೆಚ್ಚಾಗಿ ಬಿದ್ದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಟಿಕೀಟಿನ ವಿಷಯದಲ್ಲಿ ಶಾಸನಕರ್ತರು ತೋರಿದ ವಿವೇಚನೆಯು ಗಮನಾರ್ಹವಾದುದು. ಮೋಸಮಾಡುವ ಉದ್ದೇಶದಿಂದ ಟಿಕೀಟಿಲ್ಲದೆ ಗಾಡಿಯನ್ನೇರುವುದನ್ನು ೧೧೨ನೆಯ ಕಲಮು ಅಪರಾಧವೆಂದೆಣಿಸಿ, ಬಾಡಿಗೆಯ ಮೇಲೆ ೧೦೦ ರೂಪಾಯಿಯವರೆಗೆ ಜುಲ್ಮಾನೆಯನ್ನು ವಿಧಿಸಿತು. ಮೋಸದ ಉದ್ದೇಶವು ಕಾಣದಿದ್ದಲ್ಲಿ ೧೧೩ನೆಯ ಕಲಮಿನಂತೆ ಬಾಡಿಗೆಯನ್ನೂ ಹೆಚ್ಚಿನ ಹಣವನ್ನೂ ಸಲ್ಲಿಸಿದರೆ ಸಾಕಾಗಿತ್ತು. ಸಿಕ್ಕಿಬೀಳುವ ಮೊದಲೇ ತಾನಾಗಿ ತಿಳಿಸಿದವನಿಗೆ ಆ ಹೆಚ್ಚಿನ ಹಣದಲ್ಲಿ ರಿಯಾಯಿತಿಯೂ ಇತ್ತು. ಆದರೆ ತಾನು ಎಲ್ಲಿ ಹತ್ತಿದೆನೆಂಬುದನ್ನು ಪ್ರಯಾಣಿಕನು ತೋರಿಸಲಾರದೆ ಹೋದರೆ, ಗಾಡಿಯು ಮೊದಲು ಹೊರಟ ಸ್ಟೇಷನ್ನಿನಿಂದಲೇ ಬಾಡಿಗೆಯನ್ನು ಲೆಕ್ಕಹಾಕಬಹುದಾಗಿತ್ತು. ವಂಚಕನಿಗೂ ಅವಸರದವನಿಗೂ ಶಾಸನವು ಭೇದವನ್ನೆಣಿಸಿತು. ಆ ಭೇದವನ್ನು ಸ್ಥಾಪಿಸುವ ಹೊರೆಯು ಮಾತ್ರ ಬಹುಮಟ್ಟಿಗೆ ಬಡ ಪ್ರಯಾಣಿಕನ ಹೆಗಲ ಮೇಲೆಯೇ ಉಳಿಯಿತು.

೩

ಇಷ್ಟು ಸಣ್ಣ ತಪ್ಪುಗಳಿಗೆ ಮನುಷ್ಯನನ್ನು ದಸ್ತಗಿರಿ ಮಾಡಬೇಕೆ ಎಂಬ ಪ್ರಶ್ನೆಗೆ ಆ ಆಕ್ಟಿನ ೧೩೧ ಮತ್ತು ೧೩೨ನೆಯ ಕಲಮುಗಳು ಉತ್ತರವನ್ನೀಯುತ್ತವೆ. ಹಳ್ಳಿಯಲ್ಲಿ ತಪ್ಪುಮಾಡಿದವನನ್ನು ಪಟೇಲನೂ ತಳವಾರನೂ ಬಲ್ಲರು. ಅವನ ಮನೆ, ಹೊಲ, ಬಳಗ, ಎಲ್ಲವೂ ಎಲ್ಲರಿಗೂ ತಿಳಿದಿರುತ್ತವೆ. ರೈಲುಗಾಡಿಯಲ್ಲಿಯಾದರೋ ಪ್ರತಿಯೊಬ್ಬನೂ ಅಪರಿಚಿತನು. ಇಳಿದು ಗುಂಪಿನಲ್ಲಿ ಸೇರಿಹೋದವನನ್ನು ಮತ್ತೆ ಕಂಡುಹಿಡಿಯುವ ಬಗೆಯಿಲ್ಲ. ಆದಕಾರಣ, ೧೩೧ನೆಯ ಕಲಮಿನಲ್ಲಿ ಹೆಸರಿಸಿದ ಕೆಲವು ಅಪರಾಧಗಳಿಗೆ ವಾರಂಟಿಲ್ಲದೆ ನೇರವಾಗಿ ಹಿಡಿಯುವ ಅಧಿಕಾರವನ್ನು ಕೊಟ್ಟು, ಉಳಿದವುಗಳಿಗೆ ೧೩೨ನೆಯ ಕಲಮು ಒಂದು ನಿಬಂಧನೆಯನ್ನು ಹಾಕಿತು. ತಪ್ಪಿತಸ್ಥನು ಓಡಿಹೋಗುವನೆಂದು ನಂಬಲು ಕಾರಣವಿದ್ದರೆ, ಅಥವಾ ಅವನ ಹೆಸರೂ ವಿಳಾಸವೂ ತಿಳಿಯದೆ, ಕೇಳಿದಾಗ ಅವನು ಹೇಳದೆಹೋದರೆ, ಇಲ್ಲವೆ ಹೇಳಿದ್ದು ಸುಳ್ಳೆಂದು ತೋರಿದರೆ, ಪೋಲೀಸಿನವನಾಗಲಿ ರೈಲ್ವೆಯ ನೌಕರನಾಗಲಿ ಅವನನ್ನು ಹಿಡಿಯಬಹುದು. ನಿಜವಾದ ಹೆಸರು ಗೊತ್ತಾದ ಕೂಡಲೆ ಮುಚ್ಚಳಿಕೆಯನ್ನು ಬರೆಸಿಕೊಂಡು ಬಿಟ್ಟುಬಿಡಬೇಕು.

ಈ ಕಲಮಿನ ಅರ್ಥವನ್ನು ಚೆನ್ನಾಗಿ ಪರಿಭಾವಿಸಿದರೆ, ದಸ್ತಗಿರಿಯು ತಪ್ಪಿನ ಗುರುತ್ವವನ್ನು ಅನುಸರಿಸದೆ ಮನುಷ್ಯನ ಪರಿಚಯದ ಅಭಾವವನ್ನು ಅನುಸರಿಸಿತೆಂಬುದು ಹೊಳೆಯುತ್ತದೆ. ವಿಳಾಸವನ್ನು ಹೇಳಿ ನಂಬಿಸಬಲ್ಲ ವಕೀಲನಾಗಲಿ ಅಮಲ್ದಾರನಾಗಲಿ ಮುಚ್ಚಳಿಕೆಯ ತನಕವೂ ಹೋಗಬೇಕಾಗಿರಲಿಲ್ಲ. ಕೂಲಿಯನ್ನರಸಿ ಊರುಬಿಟ್ಟವನೂ, ಬರಗಾಲದಲ್ಲಿ ನೆಲೆತಪ್ಪಿದವನೂ ಯಾವ ವಿಳಾಸವನ್ನು ಹೇಳಬಲ್ಲರು? ಹೇಳಿದರೂ ಅದನ್ನು ನಂಬುವವರಾರು? ಒಂದೇ ತಪ್ಪಿಗೆ ಒಬ್ಬನು ಮನೆಗೂ ಇನ್ನೊಬ್ಬನು ಠಾಣೆಗೂ ಹೋಗುವ ದಾರಿಯು ಶಾಸನದ ಒಳಗಿನಿಂದಲೇ ಕವಲೊಡೆದಿತ್ತು.

ಈ ಅಧಿಕಾರಕ್ಕೆ ಮೇರೆಯೂ ಇತ್ತೆಂಬುದನ್ನು ಮರೆಯಬಾರದು. ಮೈಸೂರು, ಹೈದರಾಬಾದು ಮೊದಲಾದ ಸಂಸ್ಥಾನಗಳು ತಮ್ಮ ಸೀಮೆಯಲ್ಲಿ ಹಾಯ್ದುಹೋಗುವ ರೈಲುದಾರಿಯ ನೆಲದ ಮೇಲಣ ನ್ಯಾಯಾಧಿಕಾರವನ್ನು ಬ್ರಿಟಿಷ್ ಸರ್ಕಾರಕ್ಕೆ ಬಿಟ್ಟುಕೊಟ್ಟಿದ್ದುವು. ನಿಜಾಮನ ಪ್ರಜೆಯೊಬ್ಬನನ್ನು, ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ, ಹೈದರಾಬಾದು ಸೀಮೆಯ ಶಂಕರಪಲ್ಲಿ ಸ್ಟೇಷನ್ನಿನಲ್ಲಿ ಹಿಡಿದ ಮೊಕದ್ದಮೆಯು ಪ್ರಿವಿ ಕೌನ್ಸಿಲಿನ ತನಕ ಹೋಯಿತು. ರೈಲುದಾರಿಗೆ ಸಂಬಂಧಿಸಿದ ವಿಷಯಗಳಿಗೆ ಮಾತ್ರವೇ ಆ ನೆಲದ ಮೇಲೆ ಬ್ರಿಟಿಷ್ ಅಧಿಕಾರವು ಸಲ್ಲುವುದೆಂದೂ, ಅನ್ಯ ಅಪರಾಧಕ್ಕಾಗಿ ಮಾಡಿದ ಆ ದಸ್ತಗಿರಿಯು ಅಕ್ರಮವೆಂದೂ ೧೮೯೭ರಲ್ಲಿ ತೀರ್ಪಾಯಿತು. ಸಂಸ್ಥಾನದ ಪ್ರಭುತ್ವದ ಪ್ರಶ್ನೆಯು ಎದ್ದಾಗ ರೈಲುದಾರಿಯ ಅಧಿಕಾರವನ್ನು ಅಳೆದು ತೂಗಿದವರಿದ್ದರು. ಸಾಮಾನ್ಯ ಪ್ರಯಾಣಿಕನ ಪರವಾಗಿ ಹಾಗೆ ಅಳೆಯುವವರು ವಿರಳ.

೪

ಸಾಗಿಸುವವನನ್ನು ಕಟ್ಟುವ ಕಲಮುಗಳೂ ೧೮೯೦ರ ಆಕ್ಟಿನಲ್ಲಿದ್ದುವು. ಪ್ರತಿಯೊಂದು ಕೋಣೆಯಲ್ಲಿಯೂ ಎಷ್ಟು ಮಂದಿ ಕೂಡಬಹುದೆಂಬ ಸಂಖ್ಯೆಯನ್ನು ಕಾಣುವಂತೆ ಬರೆದಿರಬೇಕೆಂದು ೬೩ನೆಯ ಕಲಮು ವಿಧಿಸಿತು. ಆ ಸಂಖ್ಯೆಯು ತುಂಬಿದ ಮೇಲೆ ಪ್ರಯಾಣಿಕನನ್ನು ಬಲವಂತವಾಗಿ ಒಳಗೆ ಸೇರಿಸಿದ ರೈಲ್ವೆಯ ನೌಕರನಿಗೆ ೧೦೨ನೆಯ ಕಲಮಿನಂತೆ ೨೦ ರೂಪಾಯಿಯವರೆಗೆ ಜುಲ್ಮಾನೆಯುಂಟು. ತುಂಬಿದ ಕೋಣೆಗೆ ತಾನೇ ನುಗ್ಗಿ, ಹೊರಡೆಂದರೂ ಹೊರಡದ ಪ್ರಯಾಣಿಕನಿಗೆ ೧೦೯ನೆಯ ಕಲಮಿನಂತೆ ಜುಲ್ಮಾನೆಯು ಅಷ್ಟೇ. ಅಕ್ಷರದಲ್ಲಿ ತಕ್ಕಡಿಯ ಎರಡು ತಟ್ಟೆಗಳೂ ಸಮವಾಗಿದ್ದುವು.

ಆಚರಣೆಯಲ್ಲಿ ಅವು ಹೇಗಿದ್ದುವೆಂಬುದಕ್ಕೆ ಗಾಂಧಿಯವರು ೧೯೧೭ನೆಯ ಇಸವಿ ಸೆಪ್ಟೆಂಬರ್ ೨೫ರಂದು ರಾಂಚಿಯಿಂದ ಪತ್ರಿಕೆಗಳಿಗೆ ಬರೆದ ಕಾಗದವು ಪ್ರಬಲವಾದ ಆಧಾರವಾಗಿದೆ. ಅದೇ ತಿಂಗಳ ೧೨ರಂದು ಅವರು ಬೊಂಬಾಯಿಯಿಂದ ಮದರಾಸಿಗೆ ಮೂರನೆಯ ದರ್ಜೆಯಲ್ಲಿ ಹೊರಟರು. ಅವರು ಕುಳಿತ ಗಾಡಿಯ ಮೇಲೆ ೨೨ ಮಂದಿಗೆಂದು ಬರೆದಿತ್ತು. ರಾಯಚೂರನ್ನು ಮುಟ್ಟಿದಾಗ ನೂಕುನುಗ್ಗಲು ಸಹಿಸಲಸಾಧ್ಯವಾಯಿತು. ಗಾರ್ಡುಗಳೂ ಇತರ ನೌಕರರೂ ಬಂದುದು ಮತ್ತಷ್ಟು ಜನರನ್ನು ಒಳಕ್ಕೆ ತಳ್ಳುವುದಕ್ಕಾಗಿ. ಇರುಳಿನ ಬಹುಭಾಗ ೩೫ಕ್ಕೆ ಕಡಮೆಯಿಲ್ಲದಷ್ಟು ಜನರು ಆ ಗಾಡಿಯಲ್ಲಿದ್ದರೆಂದೂ, ಕೆಲವರು ಕೊಳೆಯ ನಡುವೆ ನೆಲದ ಮೇಲೆ ಮಲಗಿದರೆಂದೂ, ಕೆಲವರು ನಿಂತೇ ಇದ್ದರೆಂದೂ ಅವರು ಬರೆದಿದ್ದಾರೆ. ಮೇಮನ್ ವರ್ತಕನೊಬ್ಬನು ಧೈರ್ಯದಿಂದ ಆಕ್ಷೇಪಿಸಿ, ರೈಲಿನಲ್ಲಿ ತನಗಿದು ಐದನೆಯ ರಾತ್ರಿಯೆಂದು ಹೇಳಿಕೊಂಡನು. ಗಾರ್ಡು ಅವನನ್ನು ಹೀಯಾಳಿಸಿ, ಹೇಳುವುದನ್ನು ಕೊನೆಯ ಸ್ಟೇಷನ್ನಿನ ಅಧಿಕಾರಿಗಳಿಗೆ ಹೇಳೆಂದನು.

ಈ ಪ್ರಸಂಗವನ್ನು ಮೇಲಣ ಕಲಮುಗಳೊಡನೆ ಹೋಲಿಸಿ ನೋಡತಕ್ಕದ್ದು. ಸಂಖ್ಯೆಯು ಗಾಡಿಯ ಮೇಲೆಯೇ ಬರೆದಿತ್ತು; ಅದನ್ನು ಮೀರಿದ್ದು ಎಲ್ಲರ ಕಣ್ಣೆದುರಿನಲ್ಲಿಯೇ; ದೂರುವವನೂ ಇದ್ದನು. ಆದರೂ ೧೦೨ನೆಯ ಕಲಮು ಅಲ್ಲಿ ಸುಳಿಯಲಿಲ್ಲ. ಅದು ವಾರಂಟಿಲ್ಲದೆ ನೇರವಾಗಿ ಹಿಡಿಯಬಹುದಾದ ಅಪರಾಧಗಳ ಪಟ್ಟಿಯಲ್ಲಿ ಸೇರಿರಲಿಲ್ಲ. ೧೩೨ನೆಯ ಕಲಮಿನಂತೆ ಹಿಡಿಯಬೇಕಾದರೆ ತಪ್ಪಿತಸ್ಥನು ಅಪರಿಚಿತನಾಗಿರಬೇಕು. ಗಾರ್ಡಿನ ಹೆಸರೂ ಹುದ್ದೆಯೂ ಇಲಾಖೆಗೆ ತಿಳಿದೇ ಇದ್ದುವಾದುದರಿಂದ ಆ ಕಲಮು ಅವನನ್ನು ಮುಟ್ಟುವಂತಿರಲಿಲ್ಲ. ಅವನ ಮೇಲೆ ಮೊಕದ್ದಮೆಯನ್ನು ಹೂಡಬೇಕೆಂಬ ಪ್ರಯಾಣಿಕನು ಗಾಡಿಯನ್ನು ಬಿಟ್ಟು, ಕಂಡರಿಯದ ಊರಿನ ಮ್ಯಾಜಿಸ್ಟ್ರೇಟರ ಬಳಿಗೆ ಹೋಗಬೇಕಾಗಿತ್ತು. ಐದು ರಾತ್ರಿ ನಿದ್ದೆಗೆಟ್ಟವನು ಹಾಗೆ ಮಾಡುವನೆ? ಸಮದಂಡವನ್ನು ಬರೆದ ಶಾಸನವೇ ಹಿಡಿಯುವ ಕೈಯನ್ನು ಒಂದು ಕಡೆಗೆ ಮಾತ್ರ ಚಾಚಿತ್ತು. ನೌಕರರ ದುರಭ್ಯಾಸವೊಂದೇ ಇದಕ್ಕೆ ಕಾರಣವೆಂದರೆ ವಿಮರ್ಶೆಯು ಅರ್ಧದಲ್ಲಿಯೇ ನಿಂತಂತಾಗುತ್ತದೆ.

೫

ಸ್ವಾತಂತ್ರ್ಯದ ತರುವಾಯ ಈ ವ್ಯವಸ್ಥೆಯಲ್ಲಿ ಎರಡು ಮುಖ್ಯ ಬದಲಾವಣೆಗಳಾದುವು. ಮೊದಲನೆಯದು ದಂಡದ ಸ್ವರೂಪಕ್ಕೆ ಸಂಬಂಧಪಟ್ಟದ್ದು. ೧೮೯೦ರ ಆಕ್ಟಿನ ಸ್ಥಾನದಲ್ಲಿ ೧೯೮೯ರ ರೈಲ್ವೆ ಅಧಿನಿಯಮವು ೧೯೯೦ನೆಯ ಇಸವಿ ಜುಲೈ ೧ರಿಂದ ಜಾರಿಗೆ ಬಂದಿತು. ಮೊದಲು ಹಣದ ದಂಡದಿಂದಲೇ ತೀರುತ್ತಿದ್ದ ತಪ್ಪುಗಳಿಗೆ ಈ ಶಾಸನದಲ್ಲಿ ಸೆರೆಮನೆಯ ಶಿಕ್ಷೆಯೂ ಕಾಣಿಸುತ್ತದೆ. ಮೋಸದಿಂದ ಟಿಕೀಟಿಲ್ಲದೆ ಪ್ರಯಾಣಮಾಡಿದವನಿಗೆ ಆರು ತಿಂಗಳವರೆಗೆ, ಕಾರಣವಿಲ್ಲದೆ ಸರಪಣಿಯನ್ನೆಳೆದವನಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ಅದು ವಿಧಿಸಿತು. ಗಾಡಿಯಲ್ಲಿ ಪರವಾನಗಿಯಿಲ್ಲದೆ ಸರಕು ಮಾರುವವನಿಗೂ, ಅಲ್ಲಿ ಭಿಕ್ಷೆ ಬೇಡುವವನಿಗೂ ಒಂದು ವರ್ಷದವರೆಗೆ ಸೆರೆವಾಸವನ್ನು ಅಂದು ಒಂದೇ ಕಲಮಿನಲ್ಲಿ ಬರೆಯಲಾಯಿತು. ಸ್ತ್ರೀಯರ ಕೋಣೆಯನ್ನು ಹೊಕ್ಕ ಗಂಡಸಿಗೆ ಅಲ್ಲಿ ೫೦೦ ರೂಪಾಯಿಯವರೆಗಿನ ಜುಲ್ಮಾನೆ ಮಾತ್ರ.

ಎರಡನೆಯ ಬದಲಾವಣೆಯು ಹಿಡಿಯುವ ಕೈಗೆ ಸಂಬಂಧಪಟ್ಟದ್ದು. ೧೯೩೫ರ ಇಂಡಿಯಾ ಸರ್ಕಾರದ ಆಕ್ಟಿನಲ್ಲಿ ರೈಲ್ವೆ ಪೋಲೀಸು ಪ್ರಾಂತಗಳಿಗೆ ಸೇರಿದ ವಿಷಯವಾಗಿತ್ತು. ಸಂವಿಧಾನವೂ ಅದನ್ನು ರಾಜ್ಯಗಳ ಪಟ್ಟಿಯಲ್ಲಿಯೇ ಇರಿಸಿತು. ರೈಲ್ವೆಯ ಸ್ವತ್ತನ್ನು ಕಾಯುವುದಕ್ಕೆ ರೈಲ್ವೆಯದೇ ಕಾವಲುಗಾರರಿದ್ದರು; ಅವರ ಪಡೆಗೆ ೧೯೫೭ರ ಅಧಿನಿಯಮದಿಂದ ರೈಲ್ವೆ ರಕ್ಷಣಾ ದಳವೆಂಬ ರೂಪವುಂಟಾಯಿತು. ೨೦೦೩ರಲ್ಲಿ ಆದ ತಿದ್ದುಪಡಿಗಳು ೨೦೦೪ನೆಯ ಇಸವಿ ಜುಲೈ ೧ರಿಂದ ಜಾರಿಗೆ ಬಂದು, ಟಿಕೀಟು, ಸರಪಣಿ, ಹೊಗೆ ಸೇದುವಿಕೆ, ಮಾರಾಟ ಮೊದಲಾದ ಸಣ್ಣ ಅಪರಾಧಗಳಲ್ಲಿ ಹಿಡಿಯುವ ಮತ್ತು ವಿಚಾರಣೆ ನಡೆಸುವ ಅಧಿಕಾರವು ಆ ದಳದ ಅಧಿಕೃತ ಅಧಿಕಾರಿಗಳಿಗೆ ದೊರೆಯಿತು. ಸ್ವತ್ತು ಕಾಯುವವನಿಗೂ ಜನರನ್ನು ಹಿಡಿಯುವವನಿಗೂ ಇದ್ದ ಹಳೆಯ ಅಂತರವು ಇದರಿಂದ ಸವೆಯಿತು. ಕೆಲಸವು ಚುರುಕಾಗಲೆಂಬ ಉದ್ದೇಶವು ಇದರಲ್ಲಿ ಸ್ಪಷ್ಟವಾಗಿದೆ; ಸಾಗಿಸುವ ಸಂಸ್ಥೆಯ ತಪ್ಪನ್ನು ಹಿಡಿಯುವ ಕೈ ಯಾವುದೆಂಬ ಹಳೆಯ ಪ್ರಶ್ನೆಯು ಇದರಿಂದ ಮತ್ತಷ್ಟು ಬಿಗಿಯಾಯಿತೆಂಬುದೂ ಅಷ್ಟೇ ಸ್ಪಷ್ಟ.

ಆ ಪ್ರಶ್ನೆಯು ಹೊಸ ವಾಹನಗಳಲ್ಲಿಯೂ ತಲೆಯೆತ್ತಿದೆ. ೨೦೨೪ನೆಯ ಇಸವಿ ಫೆಬ್ರವರಿಯಲ್ಲಿ ಬೆಂಗಳೂರಿನ ರಾಜಾಜಿನಗರದ ಮೆಟ್ರೋ ಸ್ಟೇಷನ್ನಿನಲ್ಲಿ, ತಲೆಯ ಮೇಲೆ ಗಂಟು ಹೊತ್ತು ಬಂದ ರೈತನೊಬ್ಬನನ್ನು, ಟಿಕೀಟಿದ್ದರೂ, ಉಡುಪು ಸರಿಯಿಲ್ಲವೆಂದು ಕಾವಲಿನವರು ತಡೆದರು. ಜೊತೆಯ ಪ್ರಯಾಣಿಕನೊಬ್ಬನು ಇದು ಯಾವ ನಿಯಮವೆಂದು ಕೇಳಿದನು. ಅಂಥ ನಿಯಮವೇ ಇರಲಿಲ್ಲ. ಸಂಗತಿಯು ಎಲ್ಲೆಡೆ ಪ್ರಚಾರವಾದ ಮೇಲೆ ಅಲ್ಲಿಯ ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಲಾಯಿತು. ರಾಯಚೂರಿನ ಮಾರ್ಗದಲ್ಲಿ ಮೇಮನ್ ವರ್ತಕನು ಕೇಳಿದ್ದೂ ಇಂಥ ಪ್ರಶ್ನೆಯನ್ನೇ. ಅವನಿಗೆ ಉತ್ತರ ಸಿಕ್ಕಲಿಲ್ಲ, ಇವನಿಗೆ ಸಿಕ್ಕಿತು. ಆದರೆ ಇಲ್ಲಿಯೂ ಉತ್ತರವನ್ನು ದೊರಕಿಸಿದ್ದು ನೋಡುವವರ ಕಣ್ಣು. ಶಾಸನದ ಕಲಮು ತಾನಾಗಿ ಎಚ್ಚತ್ತುದಲ್ಲ.

ಒಟ್ಟಿನಲ್ಲಿ, ವಾಹನದ ಸಣ್ಣ ಕಟ್ಟಳೆಗಳು ಅನಾವಶ್ಯಕವೆಂದು ಈ ಚರಿತ್ರೆಯಿಂದ ತೀರ್ಮಾನಿಸಲಾಗದು. ಹೆಂಗಸರ ಕೋಣೆಯನ್ನು ಕಾಯುವ ಕಟ್ಟಳೆಯೂ, ಉಸಿರಾಡುವ ಗಾಳಿಯನ್ನು ಕಾಯುವ ಕಟ್ಟಳೆಯೂ ದುರ್ಬಲರ ರಕ್ಷಣೆಗಾಗಿಯೇ ಇರುವುವು. ಇಲ್ಲಿ ಸ್ಥಾಪಿತವಾಗುವ ಅಂಶವಿಷ್ಟೆ: ಶಾಸನದ ನ್ಯಾಯವನ್ನು ಅದು ವಿಧಿಸುವ ದಂಡದ ಮೊತ್ತದಿಂದ ಅಳೆದರೆ ಸಾಲದು, ಆ ದಂಡವನ್ನು ಯಾರಿಂದ ವಸೂಲುಮಾಡಲು ಸಾಧ್ಯವೆಂಬುದರಿಂದಲೂ ಅಳೆಯಬೇಕು. ನಷ್ಟವನ್ನು ನಾವಧ್ಯಕ್ಷನ ಗಂಟಿನಿಂದಲೇ ತುಂಬಿಸಿದ ಅರ್ಥಶಾಸ್ತ್ರಕಾರನು ಈ ಎರಡನೆಯ ಅಳತೆಯನ್ನು ಬಲ್ಲವನಾಗಿದ್ದನು.