ನದಿ ನೀರು ಸಮುದ್ರ ಸೇರಿದರೆ ವ್ಯರ್ಥವೇ? ಅಘನಾಶಿನಿಯ ಲೆಕ್ಕ ನೋಡಿ

“ನದಿ ನೀರೆಲ್ಲ ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತಿದೆ, ಪರಿಸರದ ಹೆಸರಲ್ಲಿ ಅಭಿವೃದ್ಧಿಗೆ ಅಡ್ಡಗಾಲು ಹಾಕುತ್ತಾರೆ.” ಇಂಥ ಸಂದೇಶ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೂ ಬಂದಿರಬಹುದು. ಅದರಲ್ಲಿ ಎಷ್ಟು ನಿಜವಿದೆ? ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಅಘನಾಶಿನಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಸಮುದ್ರ ಸೇರುವ ನೀರು ಏನು ಮಾಡುತ್ತದೆ?

ಶಿರಸಿ ಬಳಿ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟುಗಳಿಲ್ಲ. ಮಳೆಗಾಲದಲ್ಲಿ ಅದು ಘಟ್ಟದಿಂದ ಸಿಹಿನೀರು, ಮಣ್ಣು, ಪೋಷಕಾಂಶಗಳನ್ನು ಹೊತ್ತು ತರುತ್ತದೆ. ಮಳೆ ಕಡಿಮೆಯಾದಂತೆ ಉಬ್ಬರದ ಉಪ್ಪುನೀರು ಒಳಗೆ ಬರುತ್ತದೆ. ಎರಡೂ ಬೆರೆಯುವ ಜಾಗವೇ ಅಳಿವೆ. ಮೀನು, ಸಿಗಡಿ, ಏಡಿ ಮತ್ತು ಬಳಚು ಬೆಳೆಯುವುದು ಇಲ್ಲೇ. ಮೀನಿನ ಮರಿಗಳಿಗೆ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಆಸರೆ ಸಿಗುತ್ತದೆ. ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತದೆ, ಕೊಯ್ಲಿನ ನಂತರ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಸಾಣಿಕಟ್ಟಾದಲ್ಲಿ ಉಪ್ಪು ತಯಾರಾಗುತ್ತದೆ.

ಇದರಿಂದ ಎಷ್ಟು ದುಡಿಮೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಬಳಚಿನಂಥ ಚಿಪ್ಪುಜೀವಿಗಳ ಲೆಕ್ಕವನ್ನಷ್ಟೇ ಹಾಕಿದರು. ವರ್ಷಕ್ಕೆ ಸುಮಾರು 22 ಸಾವಿರ ಟನ್, ಆಗಿನ ಬೆಲೆಯಲ್ಲಿ ಸುಮಾರು 5.78 ಕೋಟಿ ರೂಪಾಯಿ. ಸುಮಾರು 2,300 ಮಂದಿಗೆ ಇದರಿಂದ ಕೆಲಸ. ಮೀನು, ಭತ್ತ, ಉಪ್ಪು ಈ ಲೆಕ್ಕದಲ್ಲಿ ಸೇರಿಲ್ಲ. ಒಟ್ಟಾರೆ 6,000ದಿಂದ 7,500 ಕುಟುಂಬಗಳಿಗೆ ಅಳಿವೆ ಆಸರೆಯಾಗಿದೆ ಎಂಬ ಅಂದಾಜಿದೆ.

ಪಕ್ಕದ ಶರಾವತಿಯಲ್ಲಿ ಏನಾಯಿತು?

ಹೊನ್ನಾವರದಲ್ಲಿ ಸಮುದ್ರ ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ರಾಜ್ಯದ ಮನೆಗಳಿಗೆ, ಕಾರ್ಖಾನೆಗಳಿಗೆ ಬೆಳಕು ಕೊಟ್ಟ ಯೋಜನೆ ಅದು. ಆದರೆ ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಹರಿದು ಬಂದು ಅಳಿವೆಯ ಉಪ್ಪಿನಂಶ ತಗ್ಗಿತು, ಬಳಚು ಬಹಳ ಕಡಿಮೆಯಾಯಿತು. ವಿದ್ಯುತ್ತಿನ ಲಾಭ ಲೆಕ್ಕಕ್ಕೆ ಸಿಕ್ಕಿತು, ಅಳಿವೆಯನ್ನು ನಂಬಿದವರ ನಷ್ಟ ಸಿಗಲಿಲ್ಲ.

ಜಿಡಿಪಿಯ ಮಿತಿಯೂ ಇದೇ. ವರ್ಷದಲ್ಲಿ ಉತ್ಪಾದನೆಯಾದ ಸರಕು, ಸೇವೆಗಳ ಬೆಲೆಯನ್ನು ಅದು ಕೂಡುತ್ತದೆ, ಹಾಳಾದ ನದಿಯ ಬೆಲೆಯನ್ನು ಕಳೆಯುವುದಿಲ್ಲ.

ಹಾಗಾದರೆ ಅಭಿವೃದ್ಧಿ ಬೇಡವೇ?

ಬೇಕು. ವಿದ್ಯುತ್, ರಸ್ತೆ, ಆಸ್ಪತ್ರೆ, ಉದ್ಯೋಗ ಎಲ್ಲವೂ ಬೇಕು. ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ತಾರದೆ ಇಂದಿನ ಅಗತ್ಯ ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಎಂದು 1987ರ ಬ್ರಂಟ್‌ಲ್ಯಾಂಡ್ ವರದಿ ಹೇಳಿತು. ತದಡಿಯಲ್ಲಿ 4,000 ಮೆಗಾವಾಟ್‌ನ ಉಷ್ಣವಿದ್ಯುತ್ ಸ್ಥಾವರದ ಪ್ರಸ್ತಾವ ಬಂದಾಗ ಸ್ಥಳೀಯರು ವಿರೋಧಿಸಿದ್ದೂ ಇರುವ ದುಡಿಮೆ ಕಳೆದುಹೋಗುವ ಭಯದಿಂದ. ಆ ಸ್ಥಾವರ ಅಲ್ಲಿ ಬರಲಿಲ್ಲ.

2024ರ ಜನವರಿಯಲ್ಲಿ 4,801 ಹೆಕ್ಟೇರ್‌ನ ಈ ಅಳಿವೆ ರಾಮ್ಸರ್ ಪಟ್ಟಿ ಸೇರಿದ ಸುದ್ದಿ ಬಂತು. ಇದರಿಂದ ಮೀನುಗಾರಿಕೆ ನಿಂತುಹೋಗುತ್ತದೆ ಎಂದೇನೂ ಇಲ್ಲ. ಜೌಗು ಪ್ರದೇಶವನ್ನು ವಿವೇಕದಿಂದ ಬಳಸಿ ಎಂಬುದೇ ರಾಮ್ಸರ್ ಒಪ್ಪಂದದ ತಿರುಳು. ಹಾಗೆಂದು ಅಪಾಯ ಪೂರ್ತಿ ತಪ್ಪಿಲ್ಲ. ಮಿತಿಮೀರಿ ಮರಳು ತೆಗೆದರೆ, ಎಳೆಯ ಬಳಚನ್ನೂ ಬಿಡದೆ ಬಾಚಿದರೆ ಪಟ್ಟಿಯಲ್ಲಿರುವ ಹೆಸರಷ್ಟೇ ಅಳಿವೆಯನ್ನು ಉಳಿಸದು.

ನಮ್ಮ ತೀರ್ಮಾನ: ‘ಸಮುದ್ರ ಸೇರಿದ ನೀರು ವ್ಯರ್ಥ’ ಎಂಬ ಮಾತು ತಪ್ಪು. ಮುಂದಿನ ಸಲ ಇಂಥ ಸಂದೇಶ ಬಂದರೆ ಒಂದೇ ಪ್ರಶ್ನೆ ಕೇಳಿ: ಹೊಸ ಯೋಜನೆಯಿಂದ ಎಷ್ಟು ಕೆಲಸ ಬರುತ್ತದೆ ಎಂದು ಹೇಳಿದಿರಿ, ಈಗಿರುವ ಎಷ್ಟು ಕೆಲಸ ಹೋಗುತ್ತದೆ?