ಟಿವಿ ಹೋಯಿತು, ಮಾಸ್ತರು ಉಳಿದರು: ಶಾಲೆಗೆ ಬಂದ ತಂತ್ರಜ್ಞಾನದ ಐವತ್ತು ವರ್ಷ

ಹೈದರಾಬಾದಿನಿಂದ ನಾನು. ಈ ವಾರದ ಮಾತಿನ ಬರಹರೂಪ ಇದು. ವಿಡಿಯೊದಲ್ಲಿ ಅವಸರದಲ್ಲಿ ಹೇಳಿದ ಇಸವಿ, ಅಂಕಿಗಳನ್ನ ಇಲ್ಲಿ ಸರಿಯಾಗಿ ಹಾಕಿದೀನಿ.

ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡು ಶುರು ಮಾಡ್ತೀನಿ. ಐದಾರು ವರ್ಷದ ಹಿಂದೆ ನಾವೊಂದಷ್ಟು ಹಳೇ ವಿದ್ಯಾರ್ಥಿಗಳು, ಪುಣೆಯಲ್ಲಿ ಇಬ್ಬರು, ಚೆನ್ನೈನಲ್ಲಿ ಒಬ್ಬ, ಇಲ್ಲಿ ಮೂವರು, ದುಡ್ಡು ಹಾಕಿ ರಾಯಚೂರು ಜಿಲ್ಲೆಯ ನಮ್ಮೂರ ಹೈಸ್ಕೂಲಿಗೆ ಒಂದು ಪ್ರೊಜೆಕ್ಟರ್, ನಾಲ್ಕು ಲ್ಯಾಪ್‌ಟಾಪ್ ಕೊಟ್ವಿ. ಶಾಲು, ಹಾರ, ಫೋಟೊ ಎಲ್ಲ ಆಯ್ತು. ಮುಂದಿನ ವರ್ಷ ಜಾತ್ರೆಗೆ ಹೋದಾಗ ನೋಡಿದ್ರೆ ನಾಲ್ಕೂ ಲ್ಯಾಪ್‌ಟಾಪ್ ಬೀರುವಿನಲ್ಲಿ ಭದ್ರವಾಗಿವೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ. ನನಗೆ ಸಿಟ್ಟು ಬಂತು. ಗಣಿತದ ಮೇಡಂ ಹತ್ತಿರ ಕೇಳೇಬಿಟ್ಟೆ. ಅವರು ಬೇಜಾರಿಲ್ಲದೆ ಒಂದೇ ಪ್ರಶ್ನೆ ಕೇಳಿದ್ರು: “ಕೊಡೋಕಿಂತ ಮುಂಚೆ ನಮ್ಮನ್ನ ಒಂದ್ ಮಾತು ಕೇಳಿದ್ರೇನ್ರಿ?”

ಕೇಳಿರಲಿಲ್ಲ.

ಮನೆಗೆ ಬಂದು ದೊಡ್ಡಪ್ಪನ ಹತ್ತಿರ ಹೇಳಿಕೊಂಡೆ. ಅವರು ಪ್ರೈಮರಿ ಶಾಲೆ ಮಾಸ್ತರಾಗಿ ರಿಟೈರ್ ಆದವರು. ನಕ್ಕರು. “ತಮ್ಮಾ, ನಿಂದೇನ್ ಹೊಸಾದಲ್ಲ ಬಿಡು. ನಮ್ ಸಾಲಿಗೆ ಆಕಾಶದಿಂದನ ಟಿವಿ ಬಂದಿತ್ತು.” ವಯಸ್ಸಾಗಿದೆ, ಏನೋ ಮಾತಾಡ್ತಾರೆ ಅಂದ್ಕೊಂಡೆ. ಆಮೇಲೆ ಹುಡುಕಿ ಓದಿದಾಗ ಗೊತ್ತಾಯ್ತು, ಅವರು ಹೇಳಿದ್ದು ಅಕ್ಷರಶಃ ನಿಜ.

1975: ಆಕಾಶದಿಂದ ಬಂದ ಪಾಠ

1969ರಲ್ಲಿ ವಿಕ್ರಮ್ ಸಾರಾಭಾಯ್ ಅವರ ಮುತುವರ್ಜಿಯಲ್ಲಿ ಭಾರತ ಸರ್ಕಾರ ಅಮೆರಿಕದ ನಾಸಾ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ನಾಸಾದ ಎಟಿಎಸ್-6 ಉಪಗ್ರಹವನ್ನ ಒಂದು ವರ್ಷ ನಮಗೆ ಕಡ ಕೊಡೋದು, ಅದರಿಂದ ನಾವು ನೇರವಾಗಿ ಹಳ್ಳಿಗಳಿಗೆ ಟಿವಿ ಪ್ರಸಾರ ಮಾಡೋದು. ಇದೇ ಸೈಟ್ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ಆರಿಸಿದ್ದು ಬೆಂಗಳೂರು, ಮೈಸೂರು ಕಡೆಯ ಊರುಗಳನ್ನಲ್ಲ. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನ.

ಬೆಂಗಳೂರಿನಲ್ಲಿ ಆಗ ಟಿವಿ ಪ್ರಸಾರವೇ ಇರಲಿಲ್ಲ! ನಮ್ಮ ಕಡೆ ಶಾಲೆಯ ಮೇಲೆ ಸುಮಾರು ಹತ್ತಡಿ ಅಗಲದ, ಕೋಳಿಗೂಡಿಗೆ ಹಾಕೋ ಥರದ ತಂತಿಬಲೆಯ ಆ್ಯಂಟೆನಾ. ಟಿವಿ ಸೆಟ್ ತಯಾರಾಗಿದ್ದು ಇದೇ ಹೈದರಾಬಾದಿನ ಇಸಿಐಎಲ್‌ನಲ್ಲಿ. ತೆಲುಗು, ಕನ್ನಡ ಎರಡರ ಕಾರ್ಯಕ್ರಮಗಳಿಗೂ ತಯಾರಿಕಾ ಕೇಂದ್ರ ಹೈದರಾಬಾದೇ. ನಾನು ದಿನಾ ಆಫೀಸಿಗೆ ಓಡಾಡೋ ಊರಿನಿಂದ ನಮ್ಮ ದೊಡ್ಡಪ್ಪನ ಕ್ಲಾಸಿಗೆ ಐವತ್ತು ವರ್ಷದ ಹಿಂದೆಯೇ ಒಂದು ದಾರಿ ಇತ್ತು ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಬೆಳಿಗ್ಗೆ ಶಾಲಾ ಮಕ್ಕಳಿಗೆ ಒಂದೂವರೆ ಗಂಟೆ ಪ್ರಸಾರ. ಹಿಂದಿ, ಒಡಿಯಾ, ತೆಲುಗು, ಕನ್ನಡ, ನಾಲ್ಕು ಭಾಷೆಗೆ ಹಂಚಿದರೆ ಕನ್ನಡದ ಪಾಲಿಗೆ ಬಂದಿದ್ದು ಇಪ್ಪತ್ತೆರಡೂವರೆ ನಿಮಿಷ. ಸಂಜೆ ಊರವರಿಗೆಲ್ಲ ಕೃಷಿ, ಆರೋಗ್ಯದ ಕಾರ್ಯಕ್ರಮ.

ಸೈಟ್ ಬಗ್ಗೆ ಮಾತಾಡುವಾಗ ಎಲ್ಲರೂ ಉಪಗ್ರಹದ ಕಥೆ ಹೇಳ್ತಾರೆ. ದೊಡ್ಡಪ್ಪನಿಗೆ ನೆನಪಿರೋದು ಬೇರೆ. ಆ ವರ್ಷ ಸುಮಾರು 50 ಸಾವಿರ ಪ್ರೈಮರಿ ಶಿಕ್ಷಕರಿಗೆ, ಎರಡು ತಂಡಗಳಲ್ಲಿ, ತಲಾ 12 ದಿನ ವಿಜ್ಞಾನ ಕಲಿಸೋ ತರಬೇತಿ ಆಯ್ತು. ಅದಕ್ಕಾಗಿ ಯಾರೂ ಅಹಮದಾಬಾದಿಗೋ ದೆಹಲಿಗೋ ಹೋಗಲಿಲ್ಲ. ಟಿವಿ ಇರೋ ಹತ್ತಿರದ ಊರಿನ ಶಾಲೆಯಲ್ಲಿ ಸುತ್ತಲಿನ ಮಾಸ್ತರರು ಸೇರೋದು, ಟಿವಿ ಪಾಠ ನೋಡೋದು, ರೇಡಿಯೊ ಕೇಳೋದು, ಆಮೇಲೆ ಕೈಗೆ ಸಿಕ್ಕ ಸಾಮಾನಿನಿಂದ ಪ್ರಯೋಗ ಮಾಡಿ ಚರ್ಚೆ ಮಾಡೋದು. ಟಿವಿ ಒಂದು ಭಾಗ ಅಷ್ಟೆ. ಉಳಿದಿದ್ದೆಲ್ಲ ಮಾಸ್ತರರು ಮಾಸ್ತರರಿಂದ ಕಲಿತಿದ್ದು.

ಒಂದು ವರ್ಷ ಆಯ್ತು, ಒಪ್ಪಂದ ಮುಗೀತು, ಉಪಗ್ರಹ ವಾಪಸ್ ಹೋಯ್ತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಟ್ರಾನ್ಸ್‌ಮಿಟರ್ ಬಂತು, ಆದರೆ ಅದರ ವ್ಯಾಪ್ತಿಗೆ ದೊಡ್ಡಪ್ಪನ ಊರು ಬರಲಿಲ್ಲ. “ಟಿವಿ ಹೋತು. ನಾವು ಎಂಟ್ಹತ್ತು ಮಂದಿ ಮಾಸ್ತರು ಮಾತ್ರ ಸಂತಿ ದಿನ ಕೂಡೋದು ಬಿಡಲಿಲ್ಲ. ನನಗ ವಿಜ್ಞಾನ ಬಂದದ್ದು ಅಲ್ಲೇ” ಅಂತಾರೆ. ಯಾವ ವರದಿಯಲ್ಲೂ ಈ ಸಂತೆ ದಿನದ ಸಭೆ ಸಿಗಲ್ಲ.

ಯಂತ್ರ ಮೊದಲು, ಮಾಸ್ತರು ಆಮೇಲೆ

ಮುಂದಿನ ಅಲೆ ಕಂಪ್ಯೂಟರಿನದು. 1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಅನ್ನೋ ಯೋಜನೆ ತಂತು. ಆರಂಭದಲ್ಲಿ 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರ್. ಒಳ್ಳೇ ಯಂತ್ರ. ಆದರೆ ಅದು ಇಂಗ್ಲೆಂಡಿನ ಶಾಲೆಗಳಿಗಾಗಿ ಹುಟ್ಟಿದ್ದು. ನಮ್ಮ ಮಾಸ್ತರರಿಗೆ ಅದು ತಮ್ಮ ಪಾಠದ ಭಾಗ ಆಗಲಿಲ್ಲ, ಬೀಗ ಹಾಕಿದ ರೂಮಿನ ವಸ್ತು ಆಯ್ತು.

2001ರ ಆಸುಪಾಸಿನಲ್ಲಿ ಕರ್ನಾಟಕದಲ್ಲಿ ‘ಮಾಹಿತಿ ಸಿಂಧು’ ಶುರುವಾಯ್ತು. ಹೈಸ್ಕೂಲುಗಳಿಗೆ ಕಂಪ್ಯೂಟರ್ ಲ್ಯಾಬ್, ಕಲಿಸೋಕೆ ಖಾಸಗಿ ಸಂಸ್ಥೆಗಳಿಂದ ಬಂದ ಇನ್‌ಸ್ಟ್ರಕ್ಟರ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಔಟ್‌ಸೋರ್ಸಿಂಗ್. ಕಂಪ್ಯೂಟರ್ ಪಾಠ ಒಂದು ಕಡೆ, ಗಣಿತ, ವಿಜ್ಞಾನದ ಪಾಠ ಇನ್ನೊಂದು ಕಡೆ. ಒಪ್ಪಂದ ಮುಗಿದು ಇನ್‌ಸ್ಟ್ರಕ್ಟರ್ ಹೊರಟರೆ ಲ್ಯಾಬಿನ ಜೀವವೂ ಹೊರಟಂತೆ. ನಾಲೆಜ್ ಟ್ರಾನ್ಸ್‌ಫರ್ ಇಲ್ಲದೆ ಪ್ರಾಜೆಕ್ಟ್ ಮುಗಿಸಿದ್ರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಪಕ್ಕದ ಮನೆಯಲ್ಲಿ

ಅದೇ 2001ರಲ್ಲಿ ಕೇರಳದಲ್ಲಿ ‘ಐಟಿ@ಸ್ಕೂಲ್’ ಶುರುವಾಯ್ತು. ಅದರ ಹಿಂದಿದ್ದಿದ್ದು ಪ್ರೊ. ಯು.ಆರ್. ರಾವ್ ನೇತೃತ್ವದ ಸಮಿತಿಯ ಶಿಫಾರಸು. ಹೌದು, ಉಡುಪಿಯ ಅದಮಾರಿನ ನಮ್ಮ ರಾವ್ ಅವರೇ. ಸೈಟ್ ಶುರುವಾದ 1975ರಲ್ಲೇ ಆರ್ಯಭಟ ಉಪಗ್ರಹ ಕಟ್ಟಿದ ತಂಡದ ಮುಖ್ಯಸ್ಥರು, ಮುಂದೆ ಇಸ್ರೋ ಅಧ್ಯಕ್ಷರಾದವರು.

ಕೇರಳ ಮಾಡಿದ ದೊಡ್ಡ ಕೆಲಸ ಏನಂದ್ರೆ, ಹೊರಗಿನವರ ಬದಲು ಶಾಲೆಯ ಶಿಕ್ಷಕರನ್ನೇ ಆರಿಸಿ ಮಾಸ್ಟರ್ ಟ್ರೇನರ್ ಮಾಡಿದ್ದು. ಪ್ರತಿ ಹೈಸ್ಕೂಲಿನಲ್ಲಿ ಒಬ್ಬ ಶಿಕ್ಷಕ ಐಟಿ ಸಂಯೋಜಕ. ಲ್ಯಾಬ್ ಕೆಟ್ಟರೆ ಅವರೇ ಮೊದಲು ನೋಡೋದು, ಪಾಠಕ್ಕೆ ಬೇಕಾದ್ದನ್ನ ಅವರೇ ಸೇರಿ ತಯಾರು ಮಾಡೋದು.

ಶುರುವಿನಲ್ಲಿ ಪಠ್ಯ ಒಂದು ಕಂಪನಿಯ ಸಾಫ್ಟ್‌ವೇರ್ ಸುತ್ತ ಇತ್ತು. ಅದಕ್ಕೆ ಶಿಕ್ಷಕರ ಸಂಘಟನೆಯವರೇ ತಕರಾರು ತೆಗೆದರು. ಮಕ್ಕಳು ಕಂಪ್ಯೂಟರ್ ಕಲೀಬೇಕೋ, ಒಂದು ಕಂಪನಿಯ ಸರಕು ಕಲೀಬೇಕೋ ಅನ್ನೋದು ಪ್ರಶ್ನೆ. ಕೆಲವೇ ವರ್ಷಗಳಲ್ಲಿ ಇಡೀ ರಾಜ್ಯದ ಹೈಸ್ಕೂಲುಗಳು ಲಿನಕ್ಸ್‌ಗೆ ಬಂದವು, ಹತ್ತನೇ ಕ್ಲಾಸಿನ ಐಟಿ ಪರೀಕ್ಷೆಯೂ ಅದರ ಮೇಲೆಯೇ. ಡೆಬಿಯನ್ ಆಧರಿಸಿ ತಮ್ಮ ಶಾಲೆಗಳಿಗೆ ತಕ್ಕ ಹಾಗೆ ಕಟ್ಟಿಕೊಂಡ ಆವೃತ್ತಿ. ನಾನು ಎಂಟೆಕ್‌ನಲ್ಲಿ ಲಿನಕ್ಸ್ ಹಾಕೋಕೆ ಒದ್ದಾಡಿದ್ದೀನಿ. ಅಲ್ಲಿ ಮಲಯಾಳಂ ಮೇಷ್ಟ್ರೂ ಬಯಾಲಜಿ ಟೀಚರೂ ಅದನ್ನ ಕಲಿತು ಕಲಿಸಿದ್ರು.

2017ರಲ್ಲಿ ಇದು ‘ಕೈಟ್’ ಅನ್ನೋ ಸರ್ಕಾರಿ ಕಂಪನಿ ಆಯ್ತು. 2020ರ ಜೂನ್ 1ರಂದು, ಕೋವಿಡ್ ಮಧ್ಯೆ ಶಾಲೆ ತೆರೆಯೋಕಾಗದ ದಿನವೇ, ಅವರ ವಿಕ್ಟರ್ಸ್ ಚಾನೆಲ್‌ನಲ್ಲಿ ‘ಫಸ್ಟ್ ಬೆಲ್’ ಪಾಠಗಳು ಶುರುವಾದವು. ಕಲಿಸಿದ್ದು ಶಾಲೆಯ ಶಿಕ್ಷಕರೇ. ಅದರ ಹಿಂದೆ ಇಪ್ಪತ್ತು ವರ್ಷದ ಅಭ್ಯಾಸ ಇತ್ತು.

ಕೇರಳದಲ್ಲಿ ಎಲ್ಲ ಸುಸೂತ್ರ ಅಂತ ನಾನು ಹೇಳ್ತಿಲ್ಲ. ಅಲ್ಲೂ ಟಿವಿ, ಫೋನ್ ಇಲ್ಲದ ಮನೆಗಳ ಮಕ್ಕಳು ಕಷ್ಟಪಟ್ಟರು. ಆದರೆ ಕೆಲಸ ಶುರು ಮಾಡೋಕೆ ಶಿಕ್ಷಕರ ಒಂದು ತಂಡ ಸಿದ್ಧವಾಗಿತ್ತು.

ನಮ್ಮಲ್ಲೂ ನಡೆದ ಪ್ರಯತ್ನ

ಕರ್ನಾಟಕದಲ್ಲಿ ಏನೂ ಆಗಲಿಲ್ಲ ಅಂದ್ರೆ ತಪ್ಪಾಗುತ್ತೆ. 2011ರ ಸುಮಾರಿಗೆ ಶಿಕ್ಷಣ ಇಲಾಖೆ, ಡಿಎಸ್‌ಇಆರ್‌ಟಿ, ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಶುರು ಮಾಡಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಸರ್ಕಾರಿ ಹೈಸ್ಕೂಲು ಶಿಕ್ಷಕರು ಜಿಲ್ಲೆ ಮೀರಿ ಒಬ್ಬರನ್ನೊಬ್ಬರು ಕೇಳಿ, ಹೇಳಿ ಕಲಿಯೋ ಜಾಗ. ಅಲ್ಲಿಂದಲೇ ಬೆಳೆದಿದ್ದು ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ವಿಕಿ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಇದೆ, ಯಾರು ಬೇಕಾದರೂ ಬಳಸಬಹುದು.

ಇವರ ಕೈಲಿದ್ದ ಮುಖ್ಯ ಸಾಧನಗಳಲ್ಲಿ ಒಂದು ಜಿಯೊಜೀಬ್ರಾ, 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೊಹೆನ್‌ವಾರ್ಟರ್ ತಮ್ಮ ಸ್ನಾತಕೋತ್ತರ ಪ್ರಬಂಧಕ್ಕೆ ಮಾಡಿದ್ದು. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಮೂರೂ ಕೋನ ಬದಲಾಗ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತೆ. ಬೋರ್ಡಿನ ಮೇಲೆ ಹತ್ತು ತ್ರಿಭುಜ ಬರೆದರೂ ಇದು ಹೀಗೆ ಕಾಣಲ್ಲ. ಒಬ್ಬ ಶಿಕ್ಷಕ ಮಾಡಿದ ಫೈಲನ್ನ ಇನ್ನೊಬ್ಬರು ತಿದ್ದಿ ತಮ್ಮ ಕ್ಲಾಸಿಗೆ ಒಗ್ಗಿಸಬಹುದು. ನಾವು ಓಪನ್ ಸೋರ್ಸ್ ಅಂತ ಎದೆ ತಟ್ಟಿಕೊಳ್ಳೋದು ಇದನ್ನೇ ಅಲ್ವಾ?

ಇದನ್ನೆಲ್ಲ ಓದಿದ ಮೇಲೆ ಮೇಡಂಗೆ ಫೋನ್ ಮಾಡಿ, ಕ್ಷಮೆ ಕೇಳಿ, ತಡವಾಗಿಯಾದರೂ ಕೇಳಿದೆ: ಏನು ಬೇಕು? ಅವರು ಹೊಸ ಸಾಮಾನು ಏನೂ ಕೇಳಲಿಲ್ಲ. ಸುತ್ತಲಿನ ಐದು ಶಾಲೆಯ ಗಣಿತ ಶಿಕ್ಷಕರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಸೇರಬೇಕು, ಬಸ್ ಚಾರ್ಜು, ಚಹಾದ ಖರ್ಚು ಬೇಕು, ಕನ್ನಡ ಟೈಪಿಂಗ್ ಹೇಳಿಕೊಡೋಕೆ ಯಾರಾದರೂ ಒಬ್ಬರು ಬೇಕು, ಅಷ್ಟೆ. ಅದಕ್ಕೆ ತಿಂಗಳಿಗೆ ಆಗೋ ಖರ್ಚು ನಮ್ಮ ಆರು ಜನರ ಒಂದು ವೀಕೆಂಡ್ ಊಟದ ಬಿಲ್ಲಿಗಿಂತ ಕಡಿಮೆ.

ಈಗ ಎರಡು ಲ್ಯಾಪ್‌ಟಾಪ್ ಹೊರಗೆ ಬಂದಿವೆ. ಇನ್ನೆರಡರ ಬ್ಯಾಟರಿ ಬೀರುವಿನಲ್ಲೇ ಸತ್ತಿದೆ. ಆ ತಪ್ಪು ನಮ್ಮದು. ನಿಮ್ಮೂರ ಶಾಲೆಗೆ ಏನಾದರೂ ಕೊಡಬೇಕು ಅಂತಿದ್ರೆ, ಆರ್ಡರ್ ಹಾಕೋ ಮುಂಚೆ ಅಲ್ಲಿನ ಒಬ್ಬ ಟೀಚರ್‌ಗೆ ಫೋನ್ ಮಾಡಿ. ಅವರು ಏನು ಕೇಳಿದ್ರು ಅಂತ ನನಗೂ ಬರೆದು ತಿಳಿಸಿ. ಮುಂದಿನ ವಾರ ಸಿಗೋಣ.